ಬೇಕ್ ಮಾಡಿದ ಚೀಸ್ ಡಿಪ್ ಹದ ತಪ್ಪಿದಾಗ: ಲಕ್ಷಣ ನೋಡಿ ಕಾರಣ ಹಿಡಿಯುವುದು

ನೆಂಟರು ಬಂದು ಕೂತಿದ್ದಾರೆ, ಓವನ್‌ನಿಂದ ಬಟ್ಟಲು ಈಚೆ ಬಂದಿದೆ, ಚೀಸ್ ಮೇಲೆ ಎಣ್ಣೆ ತೇಲುತ್ತಿದೆ. ಇಲ್ಲವೇ ಬ್ರೆಡ್ ಚೂರು ಅದ್ದಿ ಎತ್ತಿದರೆ ಇಡೀ ಮುದ್ದೆ ಜೊತೆಗೇ ಎದ್ದು ಬರುತ್ತಿದೆ. ಚೀಸ್ ಡಿಪ್ ಮಾಡುವುದು ಸುಲಭ, ಕೆಡುವುದೂ ಅಷ್ಟೇ ಬೇಗ. ತಪ್ಪು ಹುಡುಕುವಾಗ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ: ಮೊದಲು ಪೊಟ್ಟಣದ ಲೇಬಲ್, ಆಮೇಲೆ ಕಾವು ಮತ್ತು ಸಮಯ, ಕೊನೆಗೆ ಓವನ್. ಬಹುಪಾಲು ದೋಷಗಳು ಮೊದಲೆರಡರಲ್ಲೇ ಸಿಕ್ಕಿಬಿಡುತ್ತವೆ. ಓವನ್ ನಿಜವಾಗಿ ಕೆಟ್ಟಿರುವುದು ಅಪರೂಪ.

ಹೋಲಿಸಿ ನೋಡಲು ಒಂದು ಸರಿ ಅಳತೆ

6ರಿಂದ 8 ಮಂದಿಗೆ: ಕ್ರೀಮ್ ಚೀಸ್ 150 ಗ್ರಾಂ, ಮೊಝರೆಲ್ಲಾ 150 ಗ್ರಾಂ, ಚೆಡ್ಡಾರ್ 100 ಗ್ರಾಂ, ಹಾಲು 60 ಮಿಲಿ, ಕಾರ್ನ್‌ಫ್ಲೋರ್ 2 ಟೀ ಚಮಚ, ಬೆಣ್ಣೆ 1 ಟೀ ಚಮಚ, ಬೆಳ್ಳುಳ್ಳಿ 4 ಎಸಳು, ತರಿಯಾಗಿ ಕುಟ್ಟಿದ ಕಾಳುಮೆಣಸು ಅರ್ಧ ಟೀ ಚಮಚ. ಉಪ್ಪು ಬೇಡ.

ಕ್ರೀಮ್ ಚೀಸನ್ನು ಅರ್ಧ ಗಂಟೆ ಮುಂಚೆ ಫ್ರಿಜ್‌ನಿಂದ ಹೊರಗಿಟ್ಟು ಗಂಟಿಲ್ಲದಂತೆ ನಾದಿಕೊಳ್ಳಿ. ಕಾರ್ನ್‌ಫ್ಲೋರನ್ನು ತಣ್ಣನೆ ಹಾಲಿನಲ್ಲಿ ಕದಡಿ ಅದಕ್ಕೆ ಸೇರಿಸಿ. ಜಜ್ಜಿದ ಬೆಳ್ಳುಳ್ಳಿಯನ್ನು ಬೆಣ್ಣೆಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಬಾಡಿಸಿ, ಕೆಂಪಗಾದರೆ ಕಹಿ. ಚೆಡ್ಡಾರ್ ತುರಿ ಪೂರ್ತಿ, ಮೊಝರೆಲ್ಲಾ ತುರಿಯಲ್ಲಿ ಮುಕ್ಕಾಲು ಪಾಲು ಕಲಸಿ, ಉಳಿದದ್ದನ್ನು ಮೇಲೆ ಉದುರಿಸಿ. ಮಿಶ್ರಣ ಬಟ್ಟಲಲ್ಲಿ 4 ಸೆಂಟಿಮೀಟರ್‌ಗಿಂತ ಆಳ ಇರಬಾರದು. 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿದ ಒಟಿಜಿಯ (ಓವನ್-ಟೋಸ್ಟರ್-ಗ್ರಿಲ್, ಮೇಲೂ ಕೆಳಗೂ ರಾಡ್ ಇರುವ ಮೇಜಿನ ಓವನ್) ನಡುವಿನ ಕಂಬಿಯ ಮೇಲೆ 15ರಿಂದ 18 ನಿಮಿಷ. ಅಂಚಿನ ಸುತ್ತ ಗುಳ್ಳೆ ಏಳತೊಡಗಿದರೆ ಸಾಕು, ನಡುವೆಯೂ ಕುದಿಯಲಿ ಎಂದು ಕಾಯಬೇಡಿ. ತೆಗೆದು 5 ನಿಮಿಷ ಬಿಡಿ.

ಲಕ್ಷಣ: ಚೀಸ್ ಕರಗಲೇ ಇಲ್ಲ, ತುರಿ ತುರಿಯಾಗಿಯೇ ಕೆಂಪಾಯಿತು

ಎರಡು ನಿಮಿಷದ ಪರೀಕ್ಷೆ ಒಂದಿದೆ. ನಾನ್‌ಸ್ಟಿಕ್ ತವಾ ಮೇಲೆ ಒಂದು ಚಮಚ ತುರಿ ಇಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 2 ನಿಮಿಷ ಬಿಡಿ. ಕರಗಿ ಹರಡಿಕೊಂಡರೆ ಚೀಸ್ ಸರಿಯಿದೆ, ಅನುಮಾನ ಓವನ್ ಮೇಲೆ. ತವಾದ ಮೇಲೂ ಕರಗದಿದ್ದರೆ ಪೊಟ್ಟಣವನ್ನು ತಿರುಗಿಸಿ ಲೇಬಲ್ ಓದಿ.

ಲೇಬಲ್‌ನಲ್ಲಿ "ಪ್ರೊಸೆಸ್ಡ್ ಚೀಸ್" ಎಂದಿದ್ದು, ಎಮಲ್ಸಿಫೈಯರ್ ಸಾಲಿನಲ್ಲಿ ಐಎನ್‌ಎಸ್ (ಆಹಾರಕ್ಕೆ ಬೆರೆಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯೆ) 331, 339 ಅಥವಾ 452 ಇದ್ದರೆ ಅದು ಕ್ಯೂಬ್, ಡಬ್ಬ, ಸ್ಲೈಸ್‌ಗಳಲ್ಲಿ ಬರುವ ಜಾತಿ. ಈ ಸಂಖ್ಯೆಗಳು ಸಿಟ್ರೇಟ್ ಮತ್ತು ಫಾಸ್ಫೇಟ್ ಲವಣಗಳು. ಚೀಸ್‌ನ ಪ್ರೋಟೀನ್ ಎಳೆಗಳನ್ನು ಕಟ್ಟಿಹಾಕಿರುವ ಕ್ಯಾಲ್ಸಿಯಂ ಅನ್ನು ಇವು ಹಿಡಿದಿಟ್ಟುಕೊಂಡು, ಕೊಬ್ಬನ್ನೂ ನೀರನ್ನೂ ಬೇರೆಯಾಗದಂತೆ ಬೆರೆಸಿಡುತ್ತವೆ. ಹಾಗಾಗಿ ಪ್ರೊಸೆಸ್ಡ್ ಚೀಸ್ ಎಣ್ಣೆ ಬಿಡುವುದು ಕಡಿಮೆ, ನೂಲು ಬಿಡುವುದೂ ಕಡಿಮೆ. ಒಣ ಕಾವು ತಗುಲಿದಾಗ ಗಟ್ಟಿ ಕ್ಯೂಬಿನ ತುರಿ ಆಕಾರ ಬಿಡದೆ ಒಣಗಿ ಕೆಂಪಾಗುವುದುಂಟು. ಇಡೀ ಬಟ್ಟಲನ್ನು ಇದರಿಂದಲೇ ತುಂಬಿಸಿದರೆ ನಿರಾಶೆ ಖಂಡಿತ. ಆದರೆ ಇದನ್ನು ಅಡುಗೆಮನೆಯಿಂದ ಓಡಿಸುವ ಅಗತ್ಯವಿಲ್ಲ. ಬೇರೆ ಚೀಸ್ ಜೊತೆ ಒಂದೆರಡು ಕ್ಯೂಬ್ ಸೇರಿದರೆ ಇಡೀ ಡಿಪ್ ಒಡೆಯದೆ ನಿಲ್ಲುತ್ತದೆ, ಅದರ ಉಪಯೋಗ ಮುಂದೆ ಬರುತ್ತದೆ.

ಪನೀರ್ ಎಷ್ಟು ಕಾಯಿಸಿದರೂ ಕರಗದು. ಕುದಿಯುವ ಹಾಲಿಗೆ ಹುಳಿ ಹಿಂಡಿ ಒಡೆಸಿದಾಗ ಪ್ರೋಟೀನ್‌ಗಳು ಬಿಗಿಯಾಗಿ ಒಂದಕ್ಕೊಂದು ಅಂಟಿಬಿಟ್ಟಿರುತ್ತವೆ, ಕಾವಿಗೆ ಸಡಿಲಗೊಳ್ಳುವುದಿಲ್ಲ. ಕ್ರೀಮ್ ಚೀಸ್ ಸಿಗದ ಊರಿನಲ್ಲಿ ಅದರ ಬದಲು ಪನೀರ್ ಹಾಕಬಹುದು, ಆದರೆ ತುರಿದಲ್ಲ: 120 ಗ್ರಾಂ ಪನೀರನ್ನು 3 ದೊಡ್ಡ ಚಮಚ ಫ್ರೆಶ್ ಕ್ರೀಮ್ ಜೊತೆ ಮಿಕ್ಸಿಯಲ್ಲಿ ಬೆಣ್ಣೆಯಂತಾಗುವವರೆಗೆ ತಿರುವಿ.

ತುರಿದೇ ಸಿಗುವ ಪೊಟ್ಟಣದ ಚೀಸ್‌ಗೆ ಅಂಟದಿರಲೆಂದು ಸೆಲ್ಯುಲೋಸ್ (ಐಎನ್‌ಎಸ್ 460) ಅಥವಾ ಪಿಷ್ಟ ಸವರಿರುತ್ತಾರೆ. ಕರಗುತ್ತದೆ, ಆದರೆ ತಡವಾಗಿ, ಸ್ವಲ್ಪ ತರಿಯಾಗಿ. ಗಟ್ಟಿ ತುಂಡು ತಂದು ಮನೆಯಲ್ಲಿ ತುರಿಯುವುದೇ ಲೇಸು. ಘಟಕಗಳ ಪಟ್ಟಿಯಲ್ಲಿ ಪಾಮ್ ಎಣ್ಣೆ ಅಥವಾ ಸಸ್ಯಜನ್ಯ ಕೊಬ್ಬು ಕಂಡರೆ ಅದು ಚೀಸೇ ಅಲ್ಲ, ಅನಲಾಗ್, ಅಂದರೆ ಚೀಸ್‌ನ ನಕಲು. ಅದರ ನಡವಳಿಕೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಈ ಕೈಪಿಡಿಯ ಲೆಕ್ಕ ಅದಕ್ಕೆ ಹೊಂದದು.

ಲೇಬಲ್ ಕೈಯಲ್ಲಿರುವಾಗಲೇ ಇನ್ನೊಂದು ನೋಡಿಕೊಳ್ಳಿ. ಬರುವವರಲ್ಲಿ ಸಸ್ಯಾಹಾರಿಗಳಿದ್ದರೆ ಹಸಿರು ಚುಕ್ಕೆ ಇರಲೇಬೇಕು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಕರುವಿನ ಹೊಟ್ಟೆಯ ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸಿದ ಚೀಸ್. ಅದನ್ನು ಮೇಲೆ ಒಂದು ಚಿಟಿಕೆ ಉದುರಿಸಿದರೂ ಡಿಪ್ ಸಸ್ಯಾಹಾರವಾಗಿ ಉಳಿಯುವುದಿಲ್ಲ. ಬೆಳ್ಳುಳ್ಳಿ ತಿನ್ನದವರಿದ್ದರೆ ಅವರಿಗೊಂದು ಚಿಕ್ಕ ಬಟ್ಟಲು ಬೇರೆಯೇ ಮಾಡಿ.

ಲಕ್ಷಣ: ಮೇಲೆ ಎಣ್ಣೆ ತೇಲುತ್ತಿದೆ, ಕೆಳಗೆ ಗಟ್ಟಿ ಮುದ್ದೆ

ಮೊದಲು ಅದು ಎಣ್ಣೆಯೋ ನೀರೋ ಗೊತ್ತುಮಾಡಿಕೊಳ್ಳಿ, ಎರಡಕ್ಕೂ ಮದ್ದು ಬೇರೆ. ಒಂದು ಹನಿಯನ್ನು ಬಿಳಿ ಕಾಗದಕ್ಕೆ ಒತ್ತಿ 10 ನಿಮಿಷ ಬಿಡಿ. ನೀರಿನ ಕಲೆ ಆರಿಹೋಗುತ್ತದೆ. ಎಣ್ಣೆಯದು ಪಾರದರ್ಶಕವಾಗಿ ಉಳಿಯುತ್ತದೆ.

ಎಣ್ಣೆಯಾದರೆ ಕಾವು ಮೀರಿದೆ ಎಂದರ್ಥ. ಚೀಸ್‌ನ ಕೊಬ್ಬು ಸುಮಾರು 32 ಡಿಗ್ರಿಗೇ ಕರಗತೊಡಗುತ್ತದೆ. ಚೆಡ್ಡಾರ್‌ನಂಥ ಚೀಸ್‌ನ ಪ್ರೋಟೀನ್ ಬಲೆ ಸಡಿಲಗೊಂಡು ಹರಿಯುವುದು 65 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕಿಂತ ಬಹಳ ಮೇಲೆ ಹೋದರೆ, ಇಲ್ಲವೇ ಆ ಕಾವಿನಲ್ಲೇ ಬಹಳ ಹೊತ್ತು ಉಳಿದರೆ, ಪ್ರೋಟೀನ್‌ಗಳು ಮತ್ತೆ ಕುಗ್ಗಿ ಒಳಗಿನ ನೀರನ್ನೂ ಕೊಬ್ಬನ್ನೂ ಹಿಂಡಿಹಾಕುತ್ತವೆ. ಮಜ್ಜಿಗೆಹುಳಿ ಜೋರು ಉರಿಯಲ್ಲಿ ಕುದಿದರೆ ಒಡೆಯುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಅಲ್ಲಿ ಕಡಲೆಬೇಳೆಯನ್ನೋ ಅಕ್ಕಿಯನ್ನೋ ರುಬ್ಬಿ ಹಾಕಿ ಒಡೆಯದಂತೆ ಹಿಡಿಯುತ್ತೇವೆ; ಇಲ್ಲಿ ಆ ಕೆಲಸ ಕಾರ್ನ್‌ಫ್ಲೋರ್‌ನದು. ಬಿಟ್ಟಿದ್ದರೆ ಅಥವಾ ಅರ್ಧಕ್ಕರ್ಧ ಕಡಿಮೆ ಮಾಡಿದ್ದರೆ ಕಾರಣ ಅಲ್ಲೇ ಇದೆ.

ಆಮೇಲೆ ಈ ಪ್ರಶ್ನೆಗಳು. ಬಟ್ಟಲು 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಒಳಗಿತ್ತೇ? ಓವನ್ ಒಳಗಿನ ಫ್ಯಾನ್ ಹಾಕಿ 180 ಡಿಗ್ರಿಯಲ್ಲೇ ಬಿಟ್ಟಿರಾ? ಫ್ಯಾನ್ ಇದ್ದರೆ 160 ಸಾಕು. ಚೆಡ್ಡಾರ್ ಬಹಳ ತಿಂಗಳು ಮಾಗಿಸಿಟ್ಟ, ಮುಟ್ಟಿದರೆ ಪುಡಿಯಾಗುವ ಬಗೆಯದೇ? ರುಚಿಯಲ್ಲಿ ಅದೇ ಮೇಲು, ಆದರೆ ಪ್ರೋಟೀನ್ ಎಳೆಗಳು ಆಗಲೇ ತುಂಡಾಗಿರುವುದರಿಂದ ಕೊಬ್ಬನ್ನು ಹಿಡಿದಿಡಲು ಅದಕ್ಕೆ ಶಕ್ತಿ ಸಾಲದು. ಎಳೆಯ ಚೆಡ್ಡಾರ್ 70 ಗ್ರಾಂ, ಹಳೆಯದು 30 ಗ್ರಾಂ ಹಾಕಿದರೆ ರುಚಿಯೂ ಬರುತ್ತದೆ, ಹದವೂ ಉಳಿಯುತ್ತದೆ.

ಒಡೆದದ್ದನ್ನು ಉಳಿಸುವುದು ಹೀಗೆ. ತೇಲುವ ಎಣ್ಣೆಯನ್ನು ಚಮಚದಿಂದ ತೆಗೆದಿಡಿ. ದಪ್ಪ ತಳದ ಬಾಣಲೆಯಲ್ಲಿ 3 ದೊಡ್ಡ ಚಮಚ ಹಾಲಿಗೆ ಅರ್ಧ ಟೀ ಚಮಚ ಕಾರ್ನ್‌ಫ್ಲೋರ್ ಕದಡಿ ಬಿಸಿ ಮಾಡಿ, ತುರಿದ ಪ್ರೊಸೆಸ್ಡ್ ಚೀಸ್ ಒಂದು ಕ್ಯೂಬ್ (ಸುಮಾರು 20 ಗ್ರಾಂ) ಕರಗಿಸಿ. ಒಡೆದ ಮುದ್ದೆಯನ್ನು ಇದಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಸಣ್ಣ ಉರಿಯಲ್ಲಿ ಕಡೆಯಿರಿ. ಕ್ಯೂಬಿನಲ್ಲಿರುವ ಲವಣಗಳೇ ಇಲ್ಲಿ ರಕ್ಷಕರು. 3ರಿಂದ 4 ನಿಮಿಷದಲ್ಲಿ ಒಂದಾಗದಿದ್ದರೆ ಬಿಡಿ, ಇನ್ನಷ್ಟು ಕಾಯಿಸಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದನ್ನು ಬ್ರೆಡ್ ಮೇಲೆ ಹರಡಿ ಟೋಸ್ಟ್ ಮಾಡಿ ಬಡಿಸಿದರೆ ಯಾರಿಗೂ ಕೊರತೆ ಕಾಣದು.

ಲಕ್ಷಣ: ನೀರು ನಿಂತಿದೆ

ಕಾಗದದ ಕಲೆ ಆರಿಹೋದರೆ ತರಕಾರಿಯನ್ನು ಹಿಡಿಯಿರಿ. ಅಣಬೆ, ಪಾಲಕ್, ಫ್ರೋಜನ್ ಜೋಳ, ಟೊಮೆಟೊ, ದಪ್ಪಮೆಣಸಿನಕಾಯಿ ಎಲ್ಲವೂ ಕಾವಿಗೆ ನೀರು ಬಿಡುತ್ತವೆ. ಅಣಬೆಯನ್ನು ಬಾಣಲೆಯಲ್ಲಿ ನೀರೆಲ್ಲ ಇಂಗುವವರೆಗೆ ಹುರಿದೇ ಹಾಕಬೇಕು. ಪಾಲಕ್ ಬಾಡಿಸಿ, ತಣಿಸಿ, ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಜೋಳ ಪೂರ್ತಿ ಕರಗಿದ ಮೇಲೆ ಬಟ್ಟೆಯಲ್ಲಿ ಒತ್ತಿ. ನೀರಿನಲ್ಲಿ ಮುಳುಗಿಸಿಟ್ಟು ಮಾರುವ ತಾಜಾ ಮೊಝರೆಲ್ಲಾ ಉಂಡೆ ಈ ಕೆಲಸಕ್ಕಲ್ಲ. ಅದೊಂದೇ ಇದ್ದರೆ ತೆಳ್ಳಗೆ ಹೆಚ್ಚಿ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ.

ಲಕ್ಷಣ: ನಾಲಗೆಗೆ ಮರಳು ಮರಳು

ಹೆಚ್ಚಿನ ಸಲ ಕ್ರೀಮ್ ಚೀಸ್ ಬದಲು ಗಟ್ಟಿ ಮೊಸರು ಹಾಕಿರುತ್ತಾರೆ, ಅಥವಾ ನಿಂಬೆರಸ, ಟೊಮೆಟೊ ಹೆಚ್ಚಾಗಿರುತ್ತದೆ. ಹುಳಿ ಮತ್ತು ಕಾವು ಸೇರಿದರೆ ಮೊಸರು ಒಡೆಯುತ್ತದೆ. ಮೊಸರೇ ಬೇಕೆಂದರೆ ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ, ಹುಳಿಯೇರದ ಮೊಸರು 75 ಗ್ರಾಂ ಮಾತ್ರ, ಜೊತೆಗೆ ಕಾರ್ನ್‌ಫ್ಲೋರ್ ಇನ್ನೊಂದು ಟೀ ಚಮಚ. ಹಾಲಿಗೆ ಬದಲು ನೀರು ಹಾಕಿದ್ದರೂ, ಕ್ರೀಮ್ ಚೀಸ್ ಫ್ರಿಜ್‌ನಿಂದ ನೇರವಾಗಿ ಬಂದಿದ್ದರೂ ಸಣ್ಣ ಗಂಟುಗಳು ಉಳಿಯುತ್ತವೆ. ಗಂಟನ್ನು ಬೆರಳಲ್ಲಿ ಹಿಸುಕಿದರೆ ಮೆತ್ತಗೆ ಹರಡುವುದು ತಣ್ಣನೆ ಕ್ರೀಮ್ ಚೀಸ್. ಹಿಸುಕಿದರೂ ಹರಡದ ಗಟ್ಟಿ ಕಾಳು ಒಡೆದ ಪ್ರೋಟೀನ್. ಮೊದಲನೆಯದು ಕಡೆದರೆ ಸರಿಹೋಗುತ್ತದೆ. ಎರಡನೆಯದು ಆಗದು.

ಲಕ್ಷಣ: ರಬ್ಬರಿನಂತೆ ಎಳೆಯುತ್ತದೆ, ಒಂದೇ ಮುದ್ದೆಯಾಗಿ ಎದ್ದು ಬರುತ್ತದೆ

ಮೊಝರೆಲ್ಲಾ ಜಾಸ್ತಿ. ಪಿಜ್ಜಾದ ನೂಲು ಚೆಂದ, ಡಿಪ್‌ನಲ್ಲಿ ಅದೇ ನೂಲು ತೊಂದರೆ. ಒಟ್ಟು ಚೀಸ್‌ನಲ್ಲಿ ಮೊಝರೆಲ್ಲಾ ಶೇಕಡಾ 40 ದಾಟಬಾರದು. ದಾಟಿದ್ದರೆ 1 ಟೀ ಚಮಚ ನಿಂಬೆರಸವನ್ನು ಹಾಲಿಗೆ ಬೆರೆಸದೆ, ನೇರವಾಗಿ ಬಟ್ಟಲಿನ ಬಿಸಿ ಚೀಸ್‌ಗೇ ಹನಿ ಹನಿಯಾಗಿ ಹಾಕಿ ಕಲಕಿ. ಹಾಲಿಗೆ ಹಿಂಡಿದರೆ ಹಾಲೇ ಒಡೆಯುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಎಳೆಗಳ ನಡುವಿನ ಕ್ಯಾಲ್ಸಿಯಂ ಅನ್ನು ಸೆಳೆದುಕೊಂಡು ನೂಲನ್ನು ಸಡಿಲಿಸುತ್ತದೆ. ಇದಕ್ಕಿಂತ ಹೆಚ್ಚು ನಿಂಬೆ ಹಾಕಿದರೆ ಮೇಲೆ ಹೇಳಿದ ಮರಳು ಶುರುವಾಗುತ್ತದೆ.

ಮೇಜಿಗೆ ಬಂದ ಹತ್ತು ನಿಮಿಷಕ್ಕೆ ಗಟ್ಟಿಯಾಗುವುದು ದೋಷವಲ್ಲ. ಚೀಸ್ ಆರಿದರೆ ಬಿಗಿಯುವುದು ಸಹಜ. ದೊಡ್ಡ ಬಟ್ಟಲು ಒಂದರ ಬದಲು ಚಿಕ್ಕವು ಎರಡು ಮಾಡಿ, ಒಂದನ್ನು ಬೇಕ್ ಮಾಡದೆ ಇಟ್ಟುಕೊಂಡು ಮೊದಲನೆಯದು ಅರ್ಧ ಖಾಲಿಯಾದಾಗ ಓವನ್‌ಗೆ ಹಾಕಿ. ದಪ್ಪ ಪಿಂಗಾಣಿ ಅಥವಾ ಬೀಡುಕಬ್ಬಿಣದ ಪಾತ್ರೆ ಬಿಸಿ ಹಿಡಿಯುತ್ತದೆ. ತೆಳುವಾದ ಅಲ್ಯೂಮಿನಿಯಂ ತಟ್ಟೆ ಹಿಡಿಯುವುದಿಲ್ಲ.

ಲಕ್ಷಣ: ಬಾಯಿಗಿಡಲಾಗದಷ್ಟು ಉಪ್ಪು

ಚೀಸ್‌ನಲ್ಲೇ ಉಪ್ಪಿದೆ, ಪ್ರೊಸೆಸ್ಡ್ ಆದರೆ ಇನ್ನೂ ಹೆಚ್ಚು. ಬೇಯಿಸಿ ನುಣ್ಣಗೆ ಹಿಸುಕಿದ ಒಂದು ಆಲೂಗಡ್ಡೆಯನ್ನು ಸ್ವಲ್ಪ ಬಿಸಿ ಹಾಲಿನ ಜೊತೆ ಕಲಸಿದರೆ ತಗ್ಗುತ್ತದೆ. ಅದ್ದಿ ತಿನ್ನಲು ಕೊಡುವುದು ಸಪ್ಪೆಯಾಗಿರಲಿ: ಸೌತೆಕಾಯಿ, ಕ್ಯಾರೆಟ್, ಸಾದಾ ಬ್ರೆಡ್ ಟೋಸ್ಟ್. ಅಯ್ಯಂಗಾರ್ ಬೇಕರಿಯ ಖಾರ ಬನ್ನನ್ನು ಉದ್ದುದ್ದ ಸೀಳಿ ಗರಿಗರಿಯಾಗಿ ಸುಟ್ಟುಕೊಟ್ಟರೆ ಅದರಂಥ ಜೋಡಿ ಇನ್ನೊಂದಿಲ್ಲ, ಆದರೆ ಡಿಪ್‌ನಲ್ಲಿ ಉಪ್ಪು ಹದವಾಗಿರುವ ದಿನ ಮಾತ್ರ.

ಲಕ್ಷಣ: ಮೇಲೆ ಸೀದಿದೆ, ನಡುವೆ ತಣ್ಣಗಿದೆ

ಮೂರು ಕಾರಣ ಸರದಿಯಲ್ಲಿ ನೋಡಿ. ಮಿಶ್ರಣ ಫ್ರಿಜ್‌ನಿಂದ ನೇರ ಬಂತೇ? ಬಟ್ಟಲು ಆಳವೇ? ಕಂಬಿ ಮೇಲಿನ ರಾಡ್‌ಗೆ ಹತ್ತಿರವಿತ್ತೇ? ಈ ಸಲಕ್ಕೆ ಬಟ್ಟಲಿನ ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ, 150 ಡಿಗ್ರಿಗೆ ಇಳಿಸಿ 8ರಿಂದ 10 ನಿಮಿಷ ಕೊಡಿ. ಫಾಯಿಲ್ ರಾಡ್‌ಗೆ ತಾಗಬಾರದು.

ಇದಕ್ಕೆ ತಿರುಗುಮುರುಗಾಗಿ ಮೇಲೆ ಬಣ್ಣವೇ ಬರದಿದ್ದರೆ ಒಟಿಜಿಯ ಗುಬುಟು ಕೆಳಗಿನ ರಾಡ್ ಒಂದಕ್ಕೇ ನಿಂತಿರಬಹುದು. ಎರಡೂ ರಾಡ್‌ಗೆ ತಿರುಗಿಸಿ. ಸಾದಾ ಮೈಕ್ರೋವೇವ್‌ನಲ್ಲಿ ಬಣ್ಣ ಬರುವುದೇ ಇಲ್ಲ. ಅಲ್ಲಿ ಅರ್ಧ ಪವರ್‌ನಲ್ಲಿ 1 ನಿಮಿಷಕ್ಕೊಮ್ಮೆ ಕಲಕುತ್ತ ಕರಗಿಸಿ, ಬಣ್ಣಕ್ಕೆ ಬೆಣ್ಣೆಯಲ್ಲಿ ಕದಡಿದ ಬ್ಯಾಡಗಿ ಮೆಣಸಿನ ಪುಡಿಯನ್ನು ಮೇಲೆ ಹನಿಸಿ.

ಇಡೀ ಚಕ್ರ ಬೇಕ್ ಮಾಡುವವರಿಗೆ

ಹೊರದೇಶದಲ್ಲಿರುವವರಿಗೆ ಕ್ಯಾಮಂಬೆರ್, ಬ್ರೀ ಎಂಬ ಬಿಳಿ ಸಿಪ್ಪೆಯ ಮೆತ್ತನೆ ಚೀಸ್‌ನ ಇಡೀ ಚಕ್ರ ಸುಲಭವಾಗಿ ಸಿಗುತ್ತದೆ. 250 ಗ್ರಾಂ ಕ್ಯಾಮಂಬೆರ್‌ಗೆ 180 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಒಳಗಿನ ಕಾಗದ, ಪ್ಲಾಸ್ಟಿಕ್ ತೆಗೆಯದೆ ಓವನ್‌ಗೆ ಹಾಕಬೇಡಿ. ಮರದ ಡಬ್ಬಿ ಅಂಟಿನಿಂದ ಮಾಡಿದ್ದಾದರೆ ಬಿಚ್ಚಿಕೊಳ್ಳುತ್ತದೆ; ಅನುಮಾನವಿದ್ದರೆ ಚೀಸನ್ನು ಅಳತೆಗೆ ಸರಿಯಾದ ಬಟ್ಟಲಿಗೆ ವರ್ಗಾಯಿಸಿ.

ನಡುವೆ ಹರಿಯದೆ ಸೀಮೆಸುಣ್ಣದಂತಿದ್ದರೆ ಚೀಸ್ ಹಣ್ಣಾಗಿರಲಿಲ್ಲ. ಕೊಳ್ಳುವಾಗಲೇ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ನಡುಭಾಗವೂ ಅಂಚಿನಷ್ಟೇ ಮೆತ್ತಗಿರಬೇಕು. ಪಕ್ಕದಿಂದ ಸೋರಿದರೆ ಮೇಲಿನ ಸಿಪ್ಪೆಯನ್ನು ಗೀರುವಾಗ ಚಾಕು ಪಕ್ಕಕ್ಕೂ ತಾಗಿದೆ, ಅಥವಾ ಹೊತ್ತು ಮೀರಿದೆ. ಹೊತ್ತು ಮೀರಿದ ಕ್ಯಾಮಂಬೆರ್ ಮತ್ತೆ ಗಟ್ಟಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಹರಿಯದು. ಬಿಳಿ ಸಿಪ್ಪೆ ತಿನ್ನಬಹುದಾದ ಬೂಷ್ಟೇ. ಅಮೋನಿಯಾ ವಾಸನೆ ಹೊರಗಿಟ್ಟ ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಎಸೆಯಿರಿ. ಗರ್ಭಿಣಿಯರಿಗೆ ಇಂಥ ಮೆತ್ತನೆ ಚೀಸ್‌ನಲ್ಲಿ ಲಿಸ್ಟೀರಿಯಾ ಸೋಂಕಿನ ಅಪಾಯವಿದೆ. ನಡುಭಾಗದವರೆಗೆ ಹಬೆಯಾಡುವಷ್ಟು ಕಾದಿದ್ದರೆ ಮಾತ್ರ ಬಡಿಸಿ.

ಚೀಸ್ ಎಲ್ಲ ಸರಿ, ಆದರೂ ಪ್ರತಿ ಸಲ ಹೀಗೇ

ಈಗ ಓವನ್ ಸರದಿ. ಒಟಿಜಿಯ ಗುಬುಟು ತೋರಿಸುವ ಅಂಕಿಗೂ ಒಳಗಿನ ಕಾವಿಗೂ 20ರಿಂದ 30 ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ಓವನ್ ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆ ಸಾಕು: ಅದು ಸುಮಾರು 186 ಡಿಗ್ರಿಗೆ ಕರಗುತ್ತದೆ. ಫಾಯಿಲ್ ಮೇಲೆ ಒಂದು ಟೀ ಚಮಚ ಸಕ್ಕರೆಯನ್ನು 175 ಡಿಗ್ರಿಗೆ ಕಾದ ಓವನ್‌ನಲ್ಲಿ 15 ನಿಮಿಷ ಇಡಿ, ಕರಗಬಾರದು. ಕರಗಿದರೆ ನಿಮ್ಮ ಓವನ್ ಹೆಚ್ಚು ಬಿಸಿ, ಇನ್ನು ಮುಂದೆ 20 ಡಿಗ್ರಿ ಕಡಿಮೆ ಇಡಿ. ಹೊಸ ಸಕ್ಕರೆಯಿಂದ 195ರಲ್ಲಿ ಇನ್ನೊಮ್ಮೆ ಮಾಡಿ. ಆಗಲೂ ಕರಗದಿದ್ದರೆ ತಣ್ಣನೆ ಓವನ್. ಕರಗಿದ ಸಕ್ಕರೆ ಮುಟ್ಟಬೇಡಿ, ಅದು ಚರ್ಮಕ್ಕೆ ಅಂಟಿ ಸುಡುತ್ತದೆ.

ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ತಾನೇ ಆರುವ ಸ್ವಿಚ್) ಬೀಳುತ್ತಿದ್ದರೆ, ಪ್ಲಗ್ ಬಿಸಿಯಾಗುತ್ತಿದ್ದರೆ ವ್ಯಾಟ್ ನೋಡಿ. 6 ಆಂಪಿಯರ್ ಸಾಕೆಟ್ ತಾಳುವುದು 230 ವೋಲ್ಟ್‌ನಲ್ಲಿ 1,380 ವ್ಯಾಟ್. 1,500 ವ್ಯಾಟ್ ಒಟಿಜಿಗೆ 16 ಆಂಪಿಯರ್ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ.

ಕೆಲಸ ಅಲ್ಲಿಗೇ ನಿಲ್ಲಿಸಬೇಕಾದ ಲಕ್ಷಣಗಳು

ಚೀಸ್ ರಾಡ್ ಮೇಲೆ ಸುರಿದು ಹೊಗೆ, ಬೆಂಕಿ ಬಂದರೆ ಬಾಗಿಲು ತೆರೆಯಬೇಡಿ. ಕೈಗೆ ಎಟುಕಿದರೆ ಗೋಡೆಯ ಸ್ವಿಚ್ ಆರಿಸಿ, ಗಾಳಿಯಿಲ್ಲದೆ ಬೆಂಕಿ ತಾನೇ ಆರುತ್ತದೆ. ನೀರು ಎರಚಬೇಡಿ. ಆರದಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೆ ಫೋನ್ ಮಾಡಿ.

ಗಾಜಿನ ಬಟ್ಟಲು ಫ್ರಿಜ್‌ನಿಂದ ನೇರವಾಗಿ ಬಿಸಿ ಓವನ್‌ಗೆ ಹೋಗಬಾರದು. ಓವನ್‌ನಿಂದ ಬಂದದ್ದು ಒದ್ದೆ ಕಲ್ಲುಕಟ್ಟೆಯ ಮೇಲೆ ಕೂರಬಾರದು. ಬಿರುಕು ಕೇಳಿಸಿದರೆ, ಚೂರು ಕಾಣದಿದ್ದರೂ, ಡಿಪ್ ಪೂರ್ತಿ ಎಸೆಯಿರಿ.

ಕರಗಿದ ಚೀಸ್ ಮೈಮೇಲೆ ಬಿದ್ದರೆ ಹರಿಯುವ ನಲ್ಲಿ ನೀರಿನಲ್ಲಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಅರಿಸಿನ ಹಚ್ಚಬೇಡಿ. ಚರ್ಮಕ್ಕೆ ಕಚ್ಚಿಕೊಂಡ ಚೀಸನ್ನು ಕೀಳಬೇಡಿ. ಮುಖ, ಕೈಯ ಕೀಲು, ದೊಡ್ಡ ಬೊಬ್ಬೆ, ಅಥವಾ ಸುಟ್ಟಿದ್ದು ಮಗುವಿಗೆ ಆದರೆ ಆಸ್ಪತ್ರೆಗೆ ಹೋಗಿ.

ಬಟ್ಟಲು ಮೇಜಿನ ಮೇಲೆ 2 ಗಂಟೆಗಿಂತ ಹೆಚ್ಚು ಇದ್ದರೆ ಉಳಿದದ್ದನ್ನು ಎತ್ತಿಡಬೇಡಿ. ಕಲಬುರಗಿಯ ಏಪ್ರಿಲ್‌ನಂಥ ಸೆಕೆಯಲ್ಲಿ, ಕೋಣೆ 32 ಡಿಗ್ರಿ ದಾಟಿದಾಗ, 1 ಗಂಟೆಯೇ ಗಡುವು. ಬೆಳ್ಳುಳ್ಳಿ ಹಾಕಿದ ಎಣ್ಣೆ ಅಥವಾ ಬೆಣ್ಣೆಯನ್ನು ಮೊದಲೇ ಮಾಡಿ ಹೊರಗಿಡುವುದೂ ತಪ್ಪು, ಗಾಳಿಯಾಡದ ಆ ಕೊಬ್ಬಿನಲ್ಲಿ ಬಾಟುಲಿಸಂ ವಿಷ ಬೆಳೆಯಬಲ್ಲದು.

ಒಟಿಜಿಯ ಮೈ ಮುಟ್ಟಿದಾಗ ಜುಂ ಎಂದರೆ, ವೈರ್ ಸುಟ್ಟ ವಾಸನೆ ಬಂದರೆ, ರಾಡ್ ಒಂದು ಕಡೆ ಮಾತ್ರ ಕೆಂಪಾದರೆ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಹಿಂಬದಿಯ ಸ್ಕ್ರೂ ನೀವು ಬಿಚ್ಚಬೇಡಿ. ಎಲೆಕ್ಟ್ರಿಷಿಯನ್ ಬಂದು ಮೊದಲು ಸಾಕೆಟ್ಟಿನ ಅರ್ತಿಂಗ್ ನೋಡಲಿ, ಆಮೇಲೆ ಓವನ್ ಸರ್ವಿಸ್‌ಗೆ ಹೋಗಲಿ. ಆ ಸಂಜೆಯ ಡಿಪ್ ಅನ್ನು ದಪ್ಪ ತಳದ ಬಾಣಲೆಯಲ್ಲಿ ಮುಚ್ಚಳ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ, ಆಗಾಗ ತಳ ಕಲಕುತ್ತ 10 ನಿಮಿಷದಲ್ಲಿ ಒಲೆಯ ಮೇಲೆಯೇ ಮಾಡಿಕೊಳ್ಳಬಹುದು.